ಲೇತ್‌ನಲ್ಲಿ ಬಿಡಿಭಾಗ ಮಾಡಿಸ್ತೀರಾ? ಕಬ್ಬಿಣದ ತೂಕ ನೋಡಿ ದರ ಅಳೆಯಬೇಡಿ

ಮೇವು ಕತ್ತರಿಸುವ ಯಂತ್ರದ ಶಾಫ್ಟ್ ಮುರಿದಿದೆ. ಯಂತ್ರ ಹಳೆಯದು, ಆ ಮಾಡೆಲ್‌ನ ಬಿಡಿಭಾಗ ಈಗ ಅಂಗಡಿಯಲ್ಲಿ ಸಿಗಲ್ಲ. ಮುರಿದ ತುಂಡುಗಳನ್ನ ಚೀಲಕ್ಕೆ ಹಾಕಿಕೊಂಡು ಪೇಟೆಯ ಲೇತ್ ಅಂಗಡಿಗೆ ಹೋದರೆ, ಮೇಸ್ತ್ರಿ ತಿರುಗಿಸಿ ಮುರುಗಿಸಿ ನೋಡಿ, "1700 ಆಗುತ್ತೆ ಯಜಮಾನ್ರೇ" ಅಂತಾರೆ. ನಮಗೆ ತಕ್ಷಣ ಬಾಯಿಗೆ ಬರೋ ಮಾತು ಒಂದೇ: "ನಾಲ್ಕು ಕೆಜಿ ಕಬ್ಬಿಣಕ್ಕೆ ಅಷ್ಟಾ?"

ನಮಗೆ ಪರಿಚಯದ ಹೈನುಗಾರರೊಬ್ಬರು ಇದೇ ಮಾತು ಹೇಳಿ, ಹಟ ಹಿಡಿದು 1300ಕ್ಕೆ ಒಪ್ಪಿಸಿದ್ರು. ಎರಡು ತಿಂಗಳು ಕಳೆಯೋದ್ರೊಳಗೆ ಬೇರಿಂಗ್ ಒಳಗೇ ಶಾಫ್ಟ್ ಸುತ್ತೋಕೆ ಶುರುವಾಯ್ತು. ಬೇರಿಂಗ್ ಹೋಯ್ತು, ಶಾಫ್ಟ್ ಸವೆಯಿತು, ಇನ್ನೊಂದು ಶಾಫ್ಟ್ ಬರುವವರೆಗೆ ನಾಲ್ಕು ದಿನ ಮನೆಮಂದಿಯೆಲ್ಲ ಕುಡುಗೋಲು ಹಿಡಿದು ಮೇವು ಕತ್ತರಿಸಿದ್ರು. ಉಳಿದದ್ದು 400, ಹೋದದ್ದು ಅದರ ಐದಾರು ಪಟ್ಟು. ತಪ್ಪು ಮೇಸ್ತ್ರಿಯದೊಂದೇ ಅಲ್ಲ. ದುಡ್ಡು ಯಾವ ಕೆಲಸಕ್ಕೆ ಹೋಗುತ್ತೆ ಅಂತ ಗೊತ್ತಿಲ್ಲದೆ ಚೌಕಾಶಿ ಮಾಡಿದ್ರೆ, ಕಡಿಮೆಯಾಗೋದು ಬೇಕಾದ ಕೆಲಸವೇ ಆಗಿರಬಹುದು.

ಹಾಗಾದ್ರೆ ಲೇತ್ ಕೆಲಸದ ದರ ಹೇಗೆ ಕಟ್ಟುತ್ತೆ? ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು? ಈ ವಾರ ಅದನ್ನೇ ನೋಡೋಣ.

ಕಬ್ಬಿಣದ ಪಾಲು ಎಷ್ಟು?

ಮೊದಲು ತೂಕದ ಲೆಕ್ಕ. ಗುಂಡನೆಯ ರಾಡಿನ ತೂಕ ಕಂಡುಹಿಡಿಯೋದು ಸುಲಭ. ವ್ಯಾಸವನ್ನ ಮಿಲಿಮೀಟರ್‌ನಲ್ಲಿ ತಗೊಂಡು, ಅದನ್ನ ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತೆ. 40 ಮಿ.ಮೀ. ರಾಡ್ ಆದ್ರೆ 1600 ಭಾಗಿಸು 162, ಅಂದ್ರೆ ಮೀಟರಿಗೆ ಹತ್ತಿರ ಹತ್ತಿರ 9.9 ಕೆಜಿ. ನಮ್ಮ ಶಾಫ್ಟಿಗೆ 45 ಸೆಂ.ಮೀ. ತುಂಡು ಬೇಕು ಅಂದ್ರೆ ಸುಮಾರು ನಾಲ್ಕೂವರೆ ಕೆಜಿ.

ಲೆಕ್ಕ ಅರ್ಥವಾಗಲಿ ಅಂತ ಊಹೆಯ ದರ ಇಟ್ಟುಕೊಳ್ಳೋಣ. ನಿಮ್ಮೂರಿನ ದರ ಬೇರೆ ಇರುತ್ತೆ. ಕಬ್ಬಿಣ ಕೆಜಿಗೆ 100, ಲೇತ್ ಕೆಲಸ ಗಂಟೆಗೆ 400 ಅಂತ ಇರಲಿ.

- ಕಬ್ಬಿಣ: 450
- ತಯಾರಿ (ಅಳತೆ ತೆಗೆಯೋದು, ರಾಡ್ ಕತ್ತರಿಸೋದು, ಯಂತ್ರಕ್ಕೆ ಕಟ್ಟಿ ಸೆಂಟರ್ ಮಾಡೋದು, ಟೂಲ್ ಹೊಂದಿಸೋದು): 1 ಗಂಟೆ, 400
- ಕಡೆಯುವ ಕೆಲಸ: ಒಂದೂವರೆ ಗಂಟೆ, 600
- ಪುಲ್ಲಿಗೆ ಕೀ ವೇ ಹೊಡೆಯೋದು, ಬೇರೆ ಯಂತ್ರದಲ್ಲಿ: 250
- ಒಟ್ಟು: 1700

ನೋಡಿ, ಕಬ್ಬಿಣದ ಪಾಲು ಮೂರರಲ್ಲಿ ಒಂದರಷ್ಟೂ ಇಲ್ಲ. ಉಳಿದದ್ದೆಲ್ಲ ಸಮಯ. ಯಂತ್ರ ಒಂದು ಗಂಟೆ ನಿಮ್ಮ ಕೆಲಸಕ್ಕೆ ನಿಂತ್ರೆ ಆ ಗಂಟೆಯ ಕರೆಂಟು, ಬಾಡಿಗೆ, ಮೇಸ್ತ್ರಿ ಕೂಲಿ, ಸವೆಯುವ ಟೂಲ್ ಎಲ್ಲವೂ ನಿಮ್ಮ ಲೆಕ್ಕಕ್ಕೆ ಬರುತ್ತೆ. ಆದ್ದರಿಂದ ದರ ಇಳಿಸಬೇಕು ಅಂದ್ರೆ ಮೇಸ್ತ್ರಿಯ ಸಮಯ ಎಲ್ಲಿ ವ್ಯರ್ಥವಾಗ್ತಿದೆ ಅಂತ ನೋಡಬೇಕು.

ಒಂದೇ ಪೀಸ್ ಯಾಕೆ ದುಬಾರಿ?

ಮೇಲಿನ ಪಟ್ಟಿಯಲ್ಲಿ ತಯಾರಿಯ ಒಂದು ಗಂಟೆ ಇದೆಯಲ್ಲ, ಒಂದು ಮಾಡಿದ್ರೂ ಅಷ್ಟೇ, ಮೂರು ಮಾಡಿದ್ರೂ ಹೆಚ್ಚು ಕಡಿಮೆ ಅಷ್ಟೇ. ಕೀ ವೇ ಹೊಡೆಯುವ 250ರಲ್ಲೂ ಯಂತ್ರ ಹೊಂದಿಸೋಕೆ 150, ಹೊಡೆಯೋಕೆ 100 ಅಂದುಕೊಳ್ಳಿ. ಮೂರು ಶಾಫ್ಟ್ ಒಟ್ಟಿಗೆ ಮಾಡಿಸಿದ್ರೆ ಕಬ್ಬಿಣ 1350, ತಯಾರಿ 400, ಕಡೆಯೋದು 1800, ಕೀ ವೇ 450. ಒಟ್ಟು 4000. ಅಂದ್ರೆ ಒಂದಕ್ಕೆ 1333.

ಒಂದೇ ಊರಿನಲ್ಲಿ ಅದೇ ಕಂಪನಿಯ ಯಂತ್ರ ನಾಲ್ಕು ಮನೆಯಲ್ಲಿ ಇರೋದು ಸಾಮಾನ್ಯ. ಹಾಲಿನ ಸಂಘದಲ್ಲಿ ಒಂದು ಮಾತು ಕೇಳಿ ನೋಡಿ. ಒಟ್ಟಿಗೆ ಮಾಡಿಸಿದ್ರೆ ಅಗ್ಗವೂ ಹೌದು, ಒಂದನ್ನ ಎಣ್ಣೆ ಸವರಿ ಮನೆಯಲ್ಲಿ ಇಟ್ಟುಕೊಂಡ್ರೆ ಮುಂದಿನ ಸಲ ಕೆಲಸ ನಿಲ್ಲೋದೂ ಇಲ್ಲ. ಆದ್ರೆ ಅಳತೆ ಒಂದೇ ಇದೆಯಾ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ. ಹೊರಗಿನಿಂದ ಒಂದೇ ಥರ ಕಾಣೋ ಯಂತ್ರದಲ್ಲೂ ಬೇರಿಂಗ್ ನಂಬರ್ ಬೇರೆ ಇರಬಹುದು.

ಬೇರಿಂಗ್ ಕೂರುವ ಜಾಗ: ಇಲ್ಲಿ ಜಿಪುಣತನ ಬೇಡ

ದರ ಏರಿಸೋ ಇನ್ನೊಂದು ಸಂಗತಿ ಅಳತೆಯ ಬಿಗಿ. ಹಳೆಯ ಬೇರಿಂಗ್ ಮೇಲೆ 6206 ಅಂತ ನಂಬರ್ ಇದೆ ಅನ್ನಿ. ಕೊನೆಯ ಎರಡು ಅಂಕಿ 06, ಅದನ್ನ 5ರಿಂದ ಗುಣಿಸಿದ್ರೆ 30. ಅಂದ್ರೆ ಅದರ ಒಳತೂತು 30 ಮಿ.ಮೀ. (04ರಿಂದ ಮೇಲಿನ ನಂಬರ್‌ಗಳಿಗೆ ಈ ಲೆಕ್ಕ ನಡೆಯುತ್ತೆ.) ಆದ್ರೆ ಶಾಫ್ಟನ್ನ ಸುಮ್ಮನೆ "30" ಅಂತ ಕಡೆದ್ರೆ ಸಾಲದು. ಬಿಗಿಯಾಗಿ ಕೂರಬೇಕಾದ ಕಡೆ ಸಾಮಾನ್ಯವಾಗಿ ಬಳಸುವ ಕೆ6 ಅನ್ನೋ ಫಿಟ್ ಪ್ರಕಾರ ಶಾಫ್ಟ್ 30.002ರಿಂದ 30.015 ಮಿ.ಮೀ. ಒಳಗೆ ಬರಬೇಕು. ನಾವು ಬರೆಯೋ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಅದರ ಏಳನೇ ಒಂದು ಭಾಗದಷ್ಟು ಜಾಗದಲ್ಲಿ ಮೇಸ್ತ್ರಿ ಅಳತೆ ಹಿಡೀಬೇಕು!

ಇದಕ್ಕೆ ವರ್ನಿಯರ್ ಸಾಲದು, ಮೈಕ್ರೋಮೀಟರ್ ಬೇಕು. ಕೊನೆಯ ಕೂದಲೆಳೆಯನ್ನ ನಿಧಾನವಾಗಿ ತೆಗೀಬೇಕು, ಬಿಸಿ ಆರಿದ ಮೇಲೆ ಅಳೀಬೇಕು. ಕೆಲವು ಕಡೆ ಗ್ರೈಂಡಿಂಗ್‌ಗೂ ಕಳಿಸ್ತಾರೆ. ನಮ್ಮ ಹೈನುಗಾರರ 400 ಕಡಿತವಾದದ್ದು ಇಲ್ಲಿಯೇ. ಶಾಫ್ಟ್ ಸ್ವಲ್ಪ ಸಣ್ಣದಾಯ್ತು, ಬೇರಿಂಗ್ ಕೈಯಲ್ಲೇ ಜಾರಿ ಕೂತಿತು. ಕೂತಾಗ ಖುಷಿಯಾಗುತ್ತೆ, ಆದ್ರೆ ತಿರುಗುವಾಗ ಒಳಗೇ ಸುತ್ತಿ ಸವೆಯುತ್ತೆ.

ಹಾಗಂತ ಇಡೀ ಶಾಫ್ಟಿಗೆ ಇಷ್ಟು ಬಿಗಿ ಬೇಕಾಗಿಲ್ಲ. ಎರಡು ಬೇರಿಂಗ್ ನಡುವಿನ ಭಾಗ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆಯಾದ್ರೆ ಏನೂ ಆಗಲ್ಲ, ನುಣುಪಾಗಿ ಹೊಳೆಯಬೇಕು ಅಂತಲೂ ಇಲ್ಲ. ಯಾವ ಜಾಗ ಮುಖ್ಯ, ಯಾವುದು ಅಲ್ಲ ಅಂತ ನೀವು ಹೇಳದಿದ್ರೆ ಮೇಸ್ತ್ರಿ ಒಂದೋ ಎಲ್ಲವನ್ನೂ ಬಿಗಿಯಾಗಿ ಮಾಡಿ ಹೆಚ್ಚು ಕೇಳ್ತಾರೆ, ಇಲ್ಲಾಂದ್ರೆ ಎಲ್ಲವನ್ನೂ ಅಂದಾಜಿನಲ್ಲಿ ಮಾಡಿಬಿಡ್ತಾರೆ.

ಯಾವ ಕಬ್ಬಿಣ?

ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳಿಬರೋ ಹೆಸರುಗಳು ಇವು.

- ಎಂಎಸ್: ಮೆದು ಉಕ್ಕು. ಅಗ್ಗ, ಬೇಗ ಕಡೆಯಬಹುದು, ಬೆಸುಗೆಯೂ ಸುಲಭ. ಬ್ರಾಕೆಟ್, ಸ್ಪೇಸರ್, ಹೆಚ್ಚು ಭಾರ ಬೀಳದ ಪಿನ್‌ಗೆ ಸಾಕು.
- ಇಎನ್-8: ಇದರಲ್ಲಿ ಇಂಗಾಲ ಸುಮಾರು ಶೇ 0.4. ಎಂಎಸ್‌ಗಿಂತ ಗಟ್ಟಿ. ಮೇವಿನ ಯಂತ್ರ, ಪುಲ್ಲಿ ಇರುವ ಸಾಮಾನ್ಯ ಶಾಫ್ಟ್‌ಗಳಿಗೆ ಹೊಂದುತ್ತೆ.
- ಇಎನ್-19, ಇಎನ್-24: ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು, ಇಎನ್-24ರಲ್ಲಿ ನಿಕಲ್ ಕೂಡ ಇರುತ್ತೆ. ಹೊಡೆತ ತಿನ್ನುವ ಗೇರ್, ರೋಟಾವೇಟರ್ ಶಾಫ್ಟ್‌ನಂಥ ಕಡೆ ಬೇಕು. ಬೆಲೆಯೂ ಹೆಚ್ಚು, ಕಡೆಯೋಕೂ ನಿಧಾನ.
- ಸ್ಟೇನ್‌ಲೆಸ್ 304: ಹಾಲು, ಬೆಲ್ಲದ ರಸ ತಾಗುವ ಕಡೆ ಬೇಕಾಗುತ್ತೆ. ಕಡೆಯುವಾಗ ಇದರ ಮೈ ಗಟ್ಟಿಯಾಗುತ್ತಾ ಹೋಗಿ ಟೂಲ್ ಬೇಗ ಸವೆಯುತ್ತೆ, ಹಾಗಾಗಿ ಕೂಲಿಯೂ ಏರುತ್ತೆ. "ತುಕ್ಕು ಹಿಡಿಯದಿರಲಿ" ಅಂತ ಎಲ್ಲದಕ್ಕೂ ಇದನ್ನ ಕೇಳಬೇಡಿ.

ಇನ್ನೊಂದು ಮಾತು. ಗಟ್ಟಿ ಮಾಡೋ ಹಾರ್ಡನಿಂಗ್ ಕೆಲಸ ಸೇರಿದ್ರೆ ಖರ್ಚು ಮತ್ತೊಂದು ಮೆಟ್ಟಿಲು ಹತ್ತುತ್ತೆ. ಕಾಯಿಸಿ ತಣಿಸಿದಾಗ ಭಾಗ ಸ್ವಲ್ಪ ಡೊಂಕಾಗಬಹುದು, ಆಮೇಲೆ ಗ್ರೈಂಡಿಂಗ್‌ನಿಂದಲೇ ಅಳತೆಗೆ ತರಬೇಕು. ಹಳೆಯ ಭಾಗವನ್ನ ಅರದಿಂದ ಉಜ್ಜಿ ನೋಡಿ. ಅರ ಕಚ್ಚದೆ ಜಾರಿದ್ರೆ ಅದು ಹಾರ್ಡನಿಂಗ್ ಆದ ಭಾಗ, ಹೊಸದಕ್ಕೂ ಮಾಡಿಸಲೇಬೇಕು.

ಆಕಾರ ಮಾಡೋ ಖರ್ಚು

ಶಾಫ್ಟಿನ ನಡುವೆ 80 ಮಿ.ಮೀ. ಅಗಲದ ಒಂದು ಬಳೆ ಇದೆ, ಉಳಿದದ್ದೆಲ್ಲ 30 ಮಿ.ಮೀ. ಅಂದುಕೊಳ್ಳಿ. ಒಂದೇ ತುಂಡಿನಲ್ಲಿ ಮಾಡಬೇಕಾದ್ರೆ 80 ಮಿ.ಮೀ. ರಾಡಿನಿಂದಲೇ ಶುರು ಮಾಡಬೇಕು. 45 ಸೆಂ.ಮೀ.ಗೆ ಹತ್ತಿರ 18 ಕೆಜಿ ಆಗುತ್ತೆ. 30 ಮಿ.ಮೀ. ರಾಡ್ ಆಗಿದ್ರೆ ಎರಡೂವರೆ ಕೆಜಿ ಸಾಕಿತ್ತು. ಉಳಿದದ್ದೆಲ್ಲ ಲೇತ್ ಕೆಳಗೆ ಚೂರಾಗಿ ಬೀಳುತ್ತೆ, ಅದನ್ನ ಕಡೆಯೋ ಸಮಯಕ್ಕೂ ನೀವೇ ದುಡ್ಡು ಕೊಡ್ತೀರಿ. ಬಳೆಯನ್ನ ಬೇರೆ ಮಾಡಿ ಬಿಗಿಯಾಗಿ ಕೂರಿಸಬಹುದಾ ಅಂತ ಕೇಳಿ.

ದರ ಏರಿಸೋ ಇನ್ನು ಕೆಲವು ಸಂಗತಿಗಳು:

- ಒಳತೂತಿನಲ್ಲಿ ಕೀ ವೇ: ಶಾಫ್ಟಿನ ಮೇಲೆ ಹೊಡೆಯೋದಕ್ಕಿಂತ ಪುಲ್ಲಿಯ ಒಳಗೆ ಹೊಡೆಯೋದು ಕಷ್ಟ, ಅದಕ್ಕೆ ಬೇರೆಯೇ ಯಂತ್ರ ಬೇಕು.
- ಸ್ಪ್ಲೈನ್: ಟ್ರ್ಯಾಕ್ಟರ್ ಪಿಟಿಒದಲ್ಲಿ ಆರು ಹಲ್ಲು ಇರುತ್ತಲ್ಲ, ಆ ಥರದ್ದು. ಒಂದೊಂದು ಹಲ್ಲನ್ನೂ ಭಾಗ ಮಾಡಿ ಕಡೀಬೇಕು. ಸಾಧ್ಯವಾದಷ್ಟೂ ರೆಡಿಮೇಡ್ ಹುಡುಕಿ.
- ಉದ್ದ, ಸಣ್ಣ ಶಾಫ್ಟ್: ಉದ್ದ ವ್ಯಾಸದ ಹತ್ತು ಹನ್ನೆರಡು ಪಟ್ಟು ದಾಟಿದ್ರೆ ಟೂಲ್ ಒತ್ತಡಕ್ಕೆ ನಡು ಬಾಗುತ್ತೆ. ಆಧಾರ ಕೊಟ್ಟು ನಿಧಾನವಾಗಿ ಕಡೀಬೇಕು.
- ಎರಕದ ಭಾಗ: ಬೆಳಗಾವಿ, ಶಿವಮೊಗ್ಗದಲ್ಲಿ ಫೌಂಡ್ರಿಗಳು ಬೇಕಾದಷ್ಟಿವೆ. ಆದ್ರೆ ಎರಕಕ್ಕೆ ಮೊದಲು ಪ್ಯಾಟರ್ನ್ ಮಾಡಿಸಬೇಕು. ಒಂದೆರಡು ಪೀಸಿಗೆ ಆ ಖರ್ಚು ಗಿಟ್ಟಲ್ಲ.

ಖರ್ಚೇ ಇಲ್ಲದ ಒಂದು ಉಪಕಾರವೂ ಇದೆ. ಶಾಫ್ಟ್ ದಪ್ಪದಿಂದ ಸಣ್ಣಕ್ಕೆ ಇಳಿಯುವ ಮೂಲೆ ಚೂಪಾಗಿದ್ರೆ ಬಿರುಕು ಅಲ್ಲಿಂದಲೇ ಹುಟ್ಟುತ್ತೆ. ನಿಮ್ಮ ಹಳೆಯ ಶಾಫ್ಟ್ ಎಲ್ಲಿ ಮುರಿದಿದೆ ನೋಡಿ, ಬಹಳ ಸಲ ಅದೇ ಜಾಗ. "ಮೂಲೆ ಸ್ವಲ್ಪ ಗುಂಡಗೆ ಬಿಡಿ" ಅಂತ ಹೇಳಿ. ಆದ್ರೆ ಬೇರಿಂಗ್ ಒರಗುವ ಕಡೆ ಗುಂಡು ಹೆಚ್ಚಾದ್ರೆ ಬೇರಿಂಗ್ ಪೂರ್ತಿ ಕೂರಲ್ಲ. 6206ಕ್ಕೆ ಅದು 1 ಮಿ.ಮೀ. ಮೀರಬಾರದು.

ಮಾಡಿಸದೇ ಇರೋದೇ ಅಗ್ಗ

ಬೇರಿಂಗ್, ಆಯಿಲ್ ಸೀಲ್, ಸರ್ಕ್ಲಿಪ್, ಕೀ, ವಿ-ಬೆಲ್ಟ್ ಪುಲ್ಲಿ, ಚೈನ್ ಸ್ಪ್ರಾಕೆಟ್ ಇವೆಲ್ಲ ಗೊತ್ತಾದ ಅಳತೆಗಳಲ್ಲಿ ಸಾವಿರಗಟ್ಟಲೆ ತಯಾರಾಗ್ತವೆ. ಇವನ್ನ ಲೇತ್‌ನಲ್ಲಿ ಮಾಡಿಸೋದು ನಷ್ಟ. ಹೊಸದಾಗಿ ಏನಾದ್ರೂ ಯಂತ್ರ ಕಟ್ಟಿಸ್ತಿದ್ರೆ ಪೆಡೆಸ್ಟಲ್ ಬೇರಿಂಗ್ ಬಗ್ಗೆ ಕೇಳಿ. ಗ್ರಬ್ ಸ್ಕ್ರೂನಿಂದ ಶಾಫ್ಟನ್ನ ಹಿಡಿಯೋ ಬೇರಿಂಗ್ ಅದು. ಶಾಫ್ಟ್ ಅದರೊಳಗೆ ಸಡಿಲವಿಲ್ಲದೆ ಜಾರಿ ಕೂತ್ರೆ ಹಗುರ ಕೆಲಸಕ್ಕೆ ಸಾಕು, ಮೈಕ್ರಾನ್ ಲೆಕ್ಕದ ಕೆಲಸ ಉಳಿಯುತ್ತೆ.

ಸವೆದ ಶಾಫ್ಟಿಗೆ ಬೆಸುಗೆ ತುಂಬಿ ಮತ್ತೆ ಕಡೆಯೋದೂ ಉಂಟು. ನಿಧಾನವಾಗಿ ತಿರುಗುವ, ಭಾರವಿಲ್ಲದ ಕಡೆ ನಡೆಯುತ್ತೆ. ಆದ್ರೆ ಇಎನ್-8ರಂಥ ಉಕ್ಕನ್ನ ಮೊದಲು ಕಾಯಿಸದೆ ಬೆಸೆದ್ರೆ ಬೆಸುಗೆ ಪಕ್ಕದಲ್ಲಿ ಬಿರುಕು ಬಿಡಬಹುದು. ಅಲಗಿನ ಚಕ್ರ ಹೊತ್ತ ಮೇವಿನ ಯಂತ್ರದ ಶಾಫ್ಟ್ ಎರಡು ತುಂಡಾಗಿದ್ರೆ ದಯವಿಟ್ಟು ಬೆಸೆದು ಬಳಸಬೇಡಿ. ತಿರುಗುವಾಗ ಮುರಿದ್ರೆ ಹೋಗೋದು ಕಬ್ಬಿಣ ಮಾತ್ರ ಅಲ್ಲ.

ಲೇತ್ ಅಂಗಡಿಗೆ ಹೋಗೋ ಮುಂಚೆ

1. ಮುರಿದ ಎಲ್ಲ ತುಂಡುಗಳನ್ನೂ ತಗೊಂಡು ಹೋಗಿ. ಒಂದು ತುಂಡು ಕಳೆದ್ರೆ ಉದ್ದ ಅಂದಾಜಾಗುತ್ತೆ.
2. ಅದರ ಜೊತೆ ಕೂರುವ ಭಾಗಗಳನ್ನೂ ಒಯ್ಯಿರಿ: ಹೊಸ ಬೇರಿಂಗ್, ಪುಲ್ಲಿ, ಸೀಲ್. ಸವೆದ ಶಾಫ್ಟಿನಿಂದ ಅಳತೆ ತೆಗೆದ್ರೆ ಸವೆದ ಶಾಫ್ಟೇ ಮತ್ತೆ ಬರುತ್ತೆ.
3. ಒಂದು ಹಾಳೆಯಲ್ಲಿ ಚಿತ್ರ ಬರೆದು, ಬೇರಿಂಗ್ ಕೂರುವ ಜಾಗಕ್ಕೆ ಕೆಂಪು ಗೆರೆ ಹಾಕಿ. ಉಳಿದದ್ದು "ಸಾಧಾರಣ" ಅಂತ ಬರೀರಿ.
4. ಯಂತ್ರದ ಕೆಲಸ ಏನು, ಎಷ್ಟು ಎಚ್‌ಪಿ ಮೋಟಾರ್, ಹಳೆಯದು ಎಲ್ಲಿ ಮುರೀತು ಅಂತ ಹೇಳಿ.
5. ದರವನ್ನ ಬಿಡಿಸಿ ಕೇಳಿ: ಕಬ್ಬಿಣ ಎಷ್ಟು, ಯಾವ ಗ್ರೇಡ್, ಲೇತ್ ಕೂಲಿ ಎಷ್ಟು, ಕೀ ವೇಗೆ ಎಷ್ಟು.
6. ಬೇರಿಂಗನ್ನ ಅಲ್ಲೇ ಕೂರಿಸಿಕೊಂಡು ಬನ್ನಿ. ಒತ್ತಿ ಕೂರಿಸಬೇಕಾದ ಬೇರಿಂಗ್ ಕೈಯಲ್ಲೇ ಜಾರಿ ಒಳಗೆ ಹೋದ್ರೆ ಅಲ್ಲೇ ಹೇಳಿ, ಮನೆಗೆ ಬಂದ ಮೇಲೆ ಅಲ್ಲ.

ಬಿತ್ತನೆ, ಕೊಯ್ಲಿನ ಸಮಯದಲ್ಲಿ "ಇವತ್ತೇ ಬೇಕು" ಅಂದ್ರೆ ಬೇರೆಯವರ ಕೆಲಸ ಬಿಚ್ಚಿ ನಿಮ್ಮದನ್ನ ಕಟ್ಟಬೇಕು, ಅದಕ್ಕೂ ದರ ಇದೆ. ಆದ್ದರಿಂದ ಕೆಲಸ ಕಡಿಮೆ ಇರೋ ತಿಂಗಳಲ್ಲಿ ಯಂತ್ರ ಬಿಚ್ಚಿ, ಸವೆದಿದ್ದನ್ನ ಗುರುತು ಮಾಡಿ, ಬೇರಿಂಗ್ ನಂಬರ್ ಮತ್ತು ಶಾಫ್ಟಿನ ಅಳತೆಗಳನ್ನ ಹಾಲಿನ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ.

ಆ ಹೈನುಗಾರರು ಎರಡನೇ ಸಲ ಹೋದಾಗ ಚೌಕಾಶಿಯನ್ನೇನೂ ಬಿಡಲಿಲ್ಲ. ಆದ್ರೆ ಮಾತು ಬದಲಾಗಿತ್ತು: "ಮೇಸ್ತ್ರಿ, ಈ ಎರಡು ಜಾಗ ಬೇರಿಂಗ್‌ಗೆ, ಇಲ್ಲಿ ಕೈ ಬಿಗಿ ಮಾಡಬೇಡಿ. ನಡುವೆ ನುಣುಪು ಬೇಡ, ಅಲ್ಲಿ ಎಷ್ಟು ಬಿಡ್ತೀರಾ ಹೇಳಿ." ದರ ಸ್ವಲ್ಪವೇ ಇಳೀತು. ಶಾಫ್ಟ್ ಇವತ್ತಿಗೂ ತಿರುಗ್ತಿದೆ.