ಹುಕ್ಕೇರಿ ದಾಟುವ ರಸ್ತೆ, ಎರಡು ತುದಿಯಲ್ಲಿ ಎರಡು ಕೊಲೆ

ಗೋಕಾಕ್ ಅಂದ್ರೆ ನಮಗೆ ಮೊದಲು ನೆನಪಾಗೋದು ಕರದಂಟು, ಆಮೇಲೆ ಘಟಪ್ರಭೆಯ ಜಲಪಾತ. ಅದರ ನೆರೆಯ ಮೂಡಲಗಿ, ಹುಕ್ಕೇರಿಯ ಹೆಸರು ಕರಾವಳಿಯಲ್ಲಿ ಕೇಳಿಬರೋದು ಕಡಿಮೆ. ಆದರೆ ಧಾರವಾಡದಿಂದ ಬೆಳಗಾವಿ ದಾಟಿ ಕೊಲ್ಹಾಪುರಕ್ಕೆ ಹೋಗುವ ಹೆದ್ದಾರಿ ಹುಕ್ಕೇರಿ ತಾಲೂಕಿನ ಸಂಕೇಶ್ವರವನ್ನು ಹಾದೇ ಹೋಗುತ್ತದೆ. ಆ ರಸ್ತೆಯ ಎರಡೂ ತುದಿಯಲ್ಲಿ 2015ರಲ್ಲಿ ಗುಂಡು ಹಾರಿತು. ಫೆಬ್ರವರಿಯಲ್ಲಿ ಕೊಲ್ಹಾಪುರದ ಗೋವಿಂದ ಪಾನ್ಸರೆ, ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿ.

ಈ ಕೊಲೆಗಳ ಹಿಂದಿನ ದ್ವೇಷ ರಾಜಕಾರಣವನ್ನು ಹುಡುಕಿಕೊಂಡು ಹೋದ ಸಾಕ್ಷ್ಯಚಿತ್ರ ಆನಂದ್ ಪಟವರ್ಧನ್ ಅವರ ‘ವಿವೇಕ್’. ದಾಭೋಲ್ಕರ್, ಪಾನ್ಸರೆ ಅವರಿಂದ ಶುರುವಾಗಿ ದಾದ್ರಿಯ ಅಖ್ಲಾಕ್, ರೋಹಿತ್ ವೇಮುಲ, ಗೌರಿ ಲಂಕೇಶ್‌ವರೆಗೆ ಸುಮಾರು ನಾಲ್ಕು ಗಂಟೆಯ ಚಿತ್ರ. 2018ರಲ್ಲಿ ಆಮ್‌ಸ್ಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ಮರುವರ್ಷ ತಿರುವನಂತಪುರದ ಚಿತ್ರೋತ್ಸವದಲ್ಲಿ ತೋರಿಸಲು ಕೇಂದ್ರದ ಅನುಮತಿ ಸಿಗಲಿಲ್ಲ. ಕೊನೆಗೆ ಕೇರಳ ಹೈಕೋರ್ಟ್ ಆದೇಶದ ಮೇಲೆ ಪ್ರದರ್ಶನವಾಯಿತು.

ಇದರಲ್ಲಿ ನಮಗೇನು ಅಂತ ಕೇಳಬಹುದು. ಪಾನ್ಸರೆ ಶಿವಾಜಿಯ ಬಗ್ಗೆ ಮರಾಠಿಯಲ್ಲಿ ಒಂದು ಸಣ್ಣ ಪುಸ್ತಕ ಬರೆದಿದ್ದರು. ಶಿವಾಜಿಯ ಸೇನೆಯಲ್ಲಿ ಮುಸ್ಲಿಮರೂ ಇದ್ದರು, ಅವರ ಯುದ್ಧ ಧರ್ಮದ ಯುದ್ಧವಲ್ಲ ಎಂದು ಅದರಲ್ಲಿ ತೋರಿಸಿದ್ದರು. ಶಿವಾಜಿಯ ಹೆಸರು ಹೇಳಿ ನಮ್ಮನ್ನು ಹಗೆಗಳಾಗಿ ಕಾಣುವವರಿಗೆ ಅದು ಉತ್ತರ. ನಮ್ಮ ಪರವಾಗಿ ಸತ್ಯ ಹೇಳಿದವರಲ್ಲಿ ಅನೇಕರು ನಮ್ಮವರಲ್ಲ. ಈ ಋಣ ಮರೆಯಬಾರದು.

ಪಟವರ್ಧನ್ ಅವರ ಹಳೆಯ ಚಿತ್ರ ‘ರಾಮ್ ಕೆ ನಾಮ್’ನಲ್ಲಿ ಅಯೋಧ್ಯೆಯ ಅರ್ಚಕ ಲಾಲ್‌ದಾಸ್ ಇದ್ದಾರೆ. ದೇವರ ಹೆಸರಲ್ಲಿ ಗಲಭೆ ಎಬ್ಬಿಸುವವರನ್ನು ಕ್ಯಾಮೆರಾದ ಮುಂದೆಯೇ ಟೀಕಿಸಿದವರು. 1993ರಲ್ಲಿ ಅವರ ಕೊಲೆಯಾಯಿತು. ಅವರ ಮಾತು ಮಾತ್ರ ಚಿತ್ರದಲ್ಲಿ ಹಾಗೆಯೇ ಉಳಿದಿದೆ. ಸಾಕ್ಷ್ಯಚಿತ್ರ ಮಾಡೋ ಕೆಲಸ ಇದೇ: ಯಾರು, ಎಲ್ಲಿ, ಯಾವಾಗ ಹೇಳಿದರು ಅಂತ ದಾಖಲೆ ಇಡೋದು.

ವಾಟ್ಸ್ಆ್ಯಪ್‌ನಲ್ಲಿ ಬರುವ ಅರ್ಧ ನಿಮಿಷದ ವಿಡಿಯೋಗೆ ಊರಿಲ್ಲ, ದಿನಾಂಕವಿಲ್ಲ. ಅದನ್ನು ನೋಡಿ ರಕ್ತ ಕುದಿಯುತ್ತದೆ, ಬೆರಳು ತಾನಾಗಿ ಮುಂದಿನವರಿಗೆ ಕಳಿಸುತ್ತದೆ. ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಎಂಬುದು ಸೂರಃ ಅಲ್ ಹುಜುರಾತ್‌ನ ಪಾಠ. ಮದ್ರಸದಲ್ಲಿ ಮಕ್ಕಳು ಕಲಿತದ್ದನ್ನು ಮೊಬೈಲ್ ಹಿಡಿದ ದೊಡ್ಡವರು ಮರೆತರೆ ಹೇಗೆ?

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ರಜೆಯ ದಿನ ಇಂಥ ಚಿತ್ರವನ್ನು ಒಟ್ಟಿಗೆ ಕೂತು ನೋಡಿ. ಒಂದೇ ಸಲ ಮುಗಿಸಬೇಕೆಂದಿಲ್ಲ. ನಡುವೆ ನಿಲ್ಲಿಸಿ, ಮಾತಾಡಿ. ಸಿಟ್ಟು ಬರುತ್ತದೆ, ಬರಲಿ. ಆ ಸಿಟ್ಟಿನಲ್ಲಿ ಮಗ ಫೋನ್ ತೆಗೆಯುವ ಮೊದಲು, ಲಾಲ್‌ದಾಸ್ ಯಾರಾಗಿದ್ದರು ಅಂತ ಅವನಿಗೆ ಹೇಳಿ.