ಚೀಲದ ತೂಕ, ಒಳಗಿನ ಬೀಜ

ಕಳಸದ ಕಾಫಿ ವ್ಯಾಪಾರಿಯ ಅಂಗಡಿಗೆ ಎರಡು ಚೀಲ ಒಣಗಿದ ಚೆರಿ ಬಂತು ಎನ್ನಿ. ಎರಡೂ 50 ಕೆ.ಜಿ. ಆದರೂ ವ್ಯಾಪಾರಿ ಒಂದೇ ದರ ಹೇಳುವುದಿಲ್ಲ. ತೇವ ನೋಡುತ್ತಾನೆ, ಒಂದಿಷ್ಟು ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಬೀಜವನ್ನಷ್ಟೇ ತೂಗುತ್ತಾನೆ. ‘ಓಟಿ ಎಷ್ಟು ಬಂತು?’ ಎಂದು ಬೆಳೆಗಾರ ಕೇಳುವುದು ಅದಕ್ಕೇ; ಚೀಲದಿಂದ ಸಿಗುವ ಬೀಜದ ತೂಕವೇ ಓಟಿ. ಒಂದು ಚೀಲದಲ್ಲಿ 28 ಕೆ.ಜಿ. ಬೀಜ ಸಿಕ್ಕರೆ ಇನ್ನೊಂದರಲ್ಲಿ 25 ಸಿಗಬಹುದು.

ಅರವತ್ತು ದಾಟಿದ ಗಂಡಸರ ತೂಕವನ್ನೂ ಹೀಗೇ ನೋಡಬೇಕು.

ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ 19ನೇ ಶತಮಾನದಲ್ಲಿ ಜನಸಮೂಹದ ಸರಾಸರಿ ತಿಳಿಯಲು ಹಾಕಿದ ಲೆಕ್ಕವಿದು. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಪಾಶ್ಚಾತ್ಯರಿಗಿಂತ ನಮ್ಮ ಗೆರೆ ಕೆಳಗಿರಲು ಕಾರಣವಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮದೇ ಮೈಯ ಲೆಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2!

ವಯಸ್ಸಾದಂತೆ ಈ ಅಂಕಿ ಇನ್ನಷ್ಟು ದಾರಿ ತಪ್ಪಿಸುತ್ತದೆ. ನಲವತ್ತರಲ್ಲಿ 165 ಸೆಂ.ಮೀ. ಎತ್ತರ, 60 ಕೆ.ಜಿ. ಇದ್ದವರ ಬಿಎಂಐ 22. ಬೆನ್ನೆಲುಬು ಕುಸಿದು ಎಪ್ಪತ್ತೈದಕ್ಕೆ ಎತ್ತರ 160ಕ್ಕೆ ಇಳಿದರೆ, ಒಂದು ಗ್ರಾಂ ಏರದೆಯೂ ಬಿಎಂಐ 23.4 ಆಗುತ್ತದೆ. ಅದಕ್ಕೆ ಹೆದರಿ ರಾತ್ರಿಯೂಟ ಬಿಡುವುದು ದೊಡ್ಡ ತಪ್ಪು. ಈ ವಯಸ್ಸಿನಲ್ಲಿ ತೀರಾ ಸೊರಗುವುದೂ ಅಪಾಯವೇ.

ಏಣಿ ಹತ್ತಿ ಮರಗಸಿ ಮಾಡಿದ, ಚೀಲ ಹೊತ್ತ ಮೈ ತೋಟದ ಕೆಲಸ ಬಿಟ್ಟ ಮೇಲೆ ಸದ್ದಿಲ್ಲದೆ ಬದಲಾಗುತ್ತದೆ. ತೊಡೆ ಸಣ್ಣಗಾಗಿ ಹೊಟ್ಟೆ ಮುಂದೆ ಬರುತ್ತದೆ. ತಕ್ಕಡಿ ಮಾತ್ರ ಅದೇ 60 ತೋರಿಸುತ್ತದೆ. ಹಲ್ಲು ಹೋದವರು ಗಂಜಿ, ಉಪ್ಪಿನಕಾಯಿಯಲ್ಲೇ ದಿನ ದೂಡಿದರೆ ಮಾಂಸಖಂಡ ಬೇಗ ಕರಗುತ್ತದೆ.

ಮನೆಯಲ್ಲೇ ‘ಓಟಿ’ ನೋಡಬಹುದು. ಹೊಟ್ಟೆಯ ಸುತ್ತಳತೆ 90 ಸೆಂ.ಮೀ. ಒಳಗಿರಲಿ. ಎದೆಗೆ ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಕಾಲಿನ ಬಲ ಕುಂದಿರಬಹುದು. ಹೋದ ವರ್ಷ ಸಲೀಸಾಗಿ ಹತ್ತಿದ ಕಳಸೇಶ್ವರನ ಮೆಟ್ಟಿಲು ಈ ವರ್ಷ ಏದುಸಿರು ತಂದರೆ ವೈದ್ಯರಿಗೆ ಹೇಳಲೇಬೇಕು. 60 ಕೆ.ಜಿ.ಯವರು ಪ್ರಯತ್ನಪಡದೆಯೇ ಆರು ತಿಂಗಳಲ್ಲಿ ಮೂರು ಕೆ.ಜಿ. ಇಳಿದರೂ ಅಷ್ಟೇ, ಸಕ್ಕರೆ ಕಾಯಿಲೆ, ಕ್ಷಯ, ಕ್ಯಾನ್ಸರ್ ಇಲ್ಲವೆಂದು ಖಚಿತವಾಗಬೇಕು.

ಮಾಂಸಖಂಡ ಉಳಿಯಬೇಕಾದರೆ, ಮೂತ್ರಪಿಂಡದ ತೊಂದರೆ ಇಲ್ಲದವರ ತಟ್ಟೆಯಲ್ಲಿ ಅಕ್ಕಿರೊಟ್ಟಿಯ ಜೊತೆ ಮೊಟ್ಟೆಯೋ, ಬೇಯಿಸಿದ ಹುರುಳಿಯೋ, ಮೀನೋ ದಿನವೂ ಇರಲಿ. ಅಗಿಯಲಾಗದವರಿಗೆ ಹುರುಳಿಯನ್ನು ನುಣ್ಣಗೆ ರುಬ್ಬಿ, ಸಾರು ಮಾಡಿ ಕೊಡಬಹುದು.