ಮೊಳಕೆ ಬಂದ ಆಲೂಗಡ್ಡೆ: ನಂಬಿಕೆ ಎಷ್ಟು, ನಿಜ ಎಷ್ಟು?

ಬುಟ್ಟಿಯ ತಳದಲ್ಲಿ ಉಳಿದ ಆಲೂಗಡ್ಡೆಗೆ ಮೊಳಕೆ ಬಂದರೆ ಕೆಲವರು ಎಸೆಯುತ್ತಾರೆ, ಕೆಲವರು ಮೊಳಕೆ ಮುರಿದು ಪಲ್ಯಕ್ಕೆ ಹಾಕುತ್ತಾರೆ. ಇನ್ನು ಕೆಲವರು ಕುಂಡದಲ್ಲಿ ಹೂತು, ಮೂರು ತಿಂಗಳ ಮೇಲೆ ಗೋಲಿಯಂಥ ನಾಲ್ಕು ಗಡ್ಡೆ ಸಿಕ್ಕಾಗ ತಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಕೈಗುಣವನ್ನು ದೂರಬೇಡಿ. ತಿಳಿವಳಿಕೆ ಸರಿಯಾದರೆ ಬೆಳೆಯೂ ಸರಿಹೋಗುತ್ತದೆ.

ತಪ್ಪು ಕಲ್ಪನೆ 1: ಮೊಳಕೆ ಉದ್ದವಾದಷ್ಟೂ ಒಳ್ಳೆಯದು.
ಸತ್ಯ: ಕತ್ತಲಲ್ಲಿ ಬಂದ ಉದ್ದನೆಯ ಬಿಳಿ ಮೊಳಕೆ ಸೊರಗಿದ ಮೊಳಕೆ; ಮಣ್ಣು ಮುಚ್ಚುವಾಗಲೇ ಮುರಿಯುತ್ತದೆ. ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ತಂಪು ಜಾಗದಲ್ಲಿ, ಕಣ್ಣುಗಳು ಹೆಚ್ಚಿರುವ ತುದಿ ಮೇಲೆ ಬರುವಂತೆ ಗಡ್ಡೆ ಜೋಡಿಸಿಡಿ. ಒಂದೆರಡು ಸೆಂಟಿಮೀಟರಿನ ಗಿಡ್ಡ, ದಪ್ಪ, ಹಸಿರು-ನೇರಳೆ ಮೊಳಕೆ ಬಂದಾಗ ನೆಡಿ.

ತಪ್ಪು ಕಲ್ಪನೆ 2: ಕಣ್ಣಿರುವ ಸಿಪ್ಪೆ ನೆಟ್ಟರೂ ಸಾಕು.
ಸತ್ಯ: ಬೇರು ನೆಲ ಹಿಡಿಯುವವರೆಗೆ ಎಳೆ ಗಿಡಕ್ಕೆ ತಾಯಿಗಡ್ಡೆಯೇ ಆಹಾರ. ಸಿಪ್ಪೆಯಲ್ಲಿ ಅದು ಇರುವುದೇ ಇಲ್ಲ. ಎರಡು ಮೂರು ಕಣ್ಣಿರುವ, 40-50 ಗ್ರಾಂ ತೂಕದ ಹೋಳು ಬೇಕು. ಹೋಳು ಮಾಡಿದ ಮೇಲೆ ಎರಡು ದಿನ ನೆರಳಲ್ಲಿಟ್ಟು ಗಾಯ ಒಣಗಿಸಿ. ಸಣ್ಣ ಗಡ್ಡೆಯನ್ನು ಇಡಿಯಾಗಿಯೇ ನೆಡಿ.

ತಪ್ಪು ಕಲ್ಪನೆ 3: ಅಂಗಡಿಯ ಗಡ್ಡೆಯೂ ಬಿತ್ತನೆ ಗಡ್ಡೆಯೂ ಒಂದೇ.
ಸತ್ಯ: ಅಡುಗೆಗೆ ಮಾರುವ ಗಡ್ಡೆಯಲ್ಲಿ ನಂಜುರೋಗ ಅಡಗಿರಬಹುದು. ಹಾಸನದ ರೈತರು ಬಿತ್ತನೆ ಗಡ್ಡೆಯನ್ನು ಪಂಜಾಬಿನ ಜಲಂಧರದ ಕಡೆಯಿಂದ ತರಿಸುವುದು ಸುಮ್ಮನಲ್ಲ. ಮನೆಯ ಎರಡು ಕುಂಡಕ್ಕೆ ಅಂಗಡಿಯದೇ ಆದೀತು; ಕಲೆ, ಕೊಳೆ ಇಲ್ಲದ್ದನ್ನು ಆರಿಸಿ, ಟೊಮೆಟೊ, ಬದನೆ ಬೆಳೆದ ಮಣ್ಣಿನಲ್ಲಿ ಮಾತ್ರ ನೆಡಬೇಡಿ. ಮೂರೂ ಒಂದೇ ಕುಟುಂಬದವು, ರೋಗಗಳೂ ಹಂಚಿಕೊಳ್ಳುತ್ತವೆ.

ತಪ್ಪು ಕಲ್ಪನೆ 4: ಯಾವ ಕಾಲದಲ್ಲಾದರೂ ಬರುತ್ತದೆ.
ಸತ್ಯ: ಗಿಡ ಬರಬಹುದು, ಗಡ್ಡೆ ಕಟ್ಟಲು ರಾತ್ರಿ ತಂಪಾಗಿರಬೇಕು. ಮಣ್ಣಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಡ್ಡೆ ಕಟ್ಟುವುದು ಬಹುತೇಕ ನಿಲ್ಲುತ್ತದೆ. ಹಾಸನದಲ್ಲಿ ಮುಂಗಾರಿಗೆ ಬಿತ್ತುತ್ತಾರೆ, ಆದರೆ ಮೋಡ ಮುಸುಕಿದ ಮಳೆಗೆ ಅಂಗಮಾರಿ ರೋಗ ಎರಗುತ್ತದೆ. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ನುಂಗಿ ಬರಗಾಲ ತಂದದ್ದು ಇದೇ ರೋಗ. ಮನೆತೋಟಕ್ಕೆ ಅಕ್ಟೋಬರ್-ನವೆಂಬರ್ ಕ್ಷೇಮ.

ತಪ್ಪು ಕಲ್ಪನೆ 5: ಆಲೂಗಡ್ಡೆ ಒಂದು ಬೇರು; ಹೂತುಬಿಟ್ಟರೆ ಕೆಲಸ ಮುಗಿಯಿತು.
ಸತ್ಯ: ಅದು ನೆಲದೊಳಗೆ ಉಬ್ಬಿದ ಕಾಂಡ, ಕಣ್ಣುಗಳೇ ಅದರ ಮೊಗ್ಗು. ಹೊಸ ಗಡ್ಡೆಗಳು ಹೆಚ್ಚಾಗಿ ತಾಯಿಗಡ್ಡೆಗಿಂತ ಮೇಲೆ, ಕಾಂಡದಿಂದ ಹೊರಟ ಕುಡಿಗಳ ತುದಿಯಲ್ಲಿ ಕಟ್ಟುತ್ತವೆ. ಆದ್ದರಿಂದ ನಾಲ್ಕು ಬೆರಳಿನಷ್ಟು ಆಳಕ್ಕೆ ನೆಟ್ಟು, ಗಿಡ ಗೇಣುದ್ದ ಬಂದಾಗ ಬುಡಕ್ಕೆ ಮಣ್ಣು ಏರಿಸಿ. ಎರಡು ವಾರದ ಮೇಲೆ ಇನ್ನೊಮ್ಮೆ ಏರಿಸಿ. ಗೋಲಿಗಾತ್ರದ ಫಸಲಿಗೆ ಈ ಕೆಲಸ ತಪ್ಪಿದ್ದೂ ಒಂದು ಕಾರಣ.

ತಪ್ಪು ಕಲ್ಪನೆ 6: ಹಸಿರಾದ ಗಡ್ಡೆಯನ್ನು ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ.
ಸತ್ಯ: ಮೊಳಕೆಯಲ್ಲೂ ಹಸಿರಾದ ಸಿಪ್ಪೆಯಲ್ಲೂ ಇರುವ ಸೊಲನೈನ್ ಕುದಿಸಿದರೆ ನಾಶವಾಗದು. ಗಟ್ಟಿಯಾಗಿದ್ದು ಸಣ್ಣ ಮೊಳಕೆ ಬಂದಿದ್ದರೆ ಕಣ್ಣನ್ನು ಆಳವಾಗಿ ಕೆತ್ತಿ ತೆಗೆದು ಬಳಸಬಹುದು. ಸುಕ್ಕುಗಟ್ಟಿದ, ಹಸಿರಾದ, ಕಹಿ ಗಡ್ಡೆ ಅಡುಗೆಗೆ ಬೇಡವೇ ಬೇಡ, ಅದರಲ್ಲೂ ಮಕ್ಕಳ ತಟ್ಟೆಗೆ.

ಅಂಥದ್ದು ಕೊಳೆತಿರದಿದ್ದರೆ ಮಣ್ಣಿಗೆ ಕೊಡಿ. ಸುಮಾರು 90 ದಿನಕ್ಕೆ ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಗಿಡ ಒಣಗಿದ ಮೇಲೆ ಅಗೆಯಿರಿ.